ಓದದೆ ಪೂಜಿಸಿದ ಕಿರ್ದಿ

ವಯಸ್ಸಾದಂತೆ ಮನುಷ್ಯ ಮೆತ್ತಗಾಗುತ್ತಾನೆ ಎನ್ನುವವರನ್ನು ಬಹಳ ಕಂಡಿದ್ದೇನೆ. ನನಗೆ ಎಪ್ಪತ್ತು ದಾಟಿತು. ಹಲ್ಲು ಮೆತ್ತಗಾದವು, ಮೊಣಕಾಲು ಮೆತ್ತಗಾದವು, ಸಿಟ್ಟು ಮಾತ್ರ ಮೊದಲಿನ ಹಾಗೆಯೇ ಇದೆ. ಹಾವಿನ ದ್ವೇಷ ಹನ್ನೆರಡು ವರ್ಷ ಎನ್ನುತ್ತಾರೆ. ಹನ್ನೆರಡಕ್ಕೆ ಮುಗಿಸಿಬಿಡುವುದಾದರೆ ಹಾವು ನನಗಿಂತ ಒಳ್ಳೆಯ ಪ್ರಾಣಿ. ಇಲ್ಲಿ ಬರೆಯುತ್ತಿರುವುದು ನನ್ನ ಅಕ್ಕನ ಗಂಡ ನನಗೆ ಏನು ಮಾಡಿದ, ನಾನು ಅವನಿಗೆ ಏನು ಮಾಡಿದೆ ಎಂಬುದನ್ನು. ಆ ಕಾಲದಲ್ಲಿ ಅವನನ್ನು ‘ಮಾಮಾ’ ಎಂದು ಬಹುವಚನದಲ್ಲಿ ಮಾತಾಡಿಸುತ್ತಿದ್ದೆ. ಈಗ ‘ಅವನು’ ಎಂದೇ ಬರೆಯುತ್ತೇನೆ, ಅಷ್ಟಾದರೂ ವಸೂಲಾಗಲಿ.

ನಮ್ಮದು ಗಡಹಿಂಗ್ಲಜದ ಹತ್ತಿರದ ಹಳ್ಳಿ. ಮನೆಯವರು ಮೆಣಸಿನಕಾಯಿ ಬೆಳೆಯುತ್ತಿದ್ದರು, ಬಾವಿಯ ಸುತ್ತ ಒಂದಿಷ್ಟು ಮಲ್ಲಿಗೆ, ಶ್ಯಾವಂತಿಗೆ. ಹದಿನೆಂಟಕ್ಕೆ ನಾನು ಕೊಲ್ಹಾಪುರಕ್ಕೆ ಹೋಗಿ ಒಬ್ಬ ಸರದಾರರ ಬಂಗಲೆಯಲ್ಲಿ ಮಾಲಿಯ ಕೆಲಸಕ್ಕೆ ನಿಂತೆ. ಗುಲಾಬಿಗೆ ಕಣ್ಣು ಕಟ್ಟಿ ಕಸಿ ಮಾಡುವುದು, ಮೆಹಂದಿ ಬೇಲಿಯನ್ನು ದಾರ ಹಿಡಿದು ಸಮ ಕತ್ತರಿಸುವುದು, ಕ್ರೋಟನ್ ಕಡ್ಡಿಗೆ ಬೇರು ಬರಿಸುವುದು, ಎಲ್ಲ ಅಲ್ಲಿನ ಮುದುಕ ಮಾಲಿ ಬೈದು ಬೈದು ಕಲಿಸಿದ. ಲಾನ್ ಹಾಕುವುದನ್ನೂ ಅವನೇ ಕಲಿಸಿದ. ಲಾನ್ ಎಂದರೆ ಮತ್ತೇನಲ್ಲ, ನಮ್ಮ ಹೊಲದ ಕರಕಿ, ಗರಿಕೆ ಹುಲ್ಲು. ಒಮ್ಮೆ ನನ್ನಪ್ಪ ಬಂಗಲೆ ನೋಡಲು ಬಂದವನು, ನಾವು ಕರಕಿಯ ಬೇರುಗಳನ್ನು ಸಾಲಾಗಿ ನೆಟ್ಟು ನೀರು ಹೊಡೆಯುವುದನ್ನು ಕಂಡು ತಲೆಯ ಮೇಲೆ ಕೈಯಿಟ್ಟುಕೊಂಡ. ಜೀವಮಾನವಿಡೀ ಗುದ್ದಲಿಯಿಂದ ಅದನ್ನು ಕಿತ್ತೆಸೆದವನು ಅವನು. ಅದನ್ನು ನೆಡಲು ಮಗನಿಗೆ ಸಂಬಳ ಕೊಡುತ್ತಾರೆ ಎಂಬುದನ್ನು ಊರಲ್ಲಿ ಹೇಳಿದರೆ ಯಾರೂ ನಂಬಲಿಲ್ಲವಂತೆ.

ಮೂವತ್ತರ ದಶಕದ ಮೊದಲಲ್ಲಿ ಸರದಾರರು ತೀರಿಕೊಂಡರು, ಮಕ್ಕಳು ಅರ್ಧ ಮಾಲಿಗಳನ್ನು ಬಿಡಿಸಿದರು. ಅವರಲ್ಲಿ ನಾನೂ ಒಬ್ಬ. ಆಗ ಊರ ಹೊರಗೆ ಹೊಸ ಬಂಗಲೆಗಳು ಏಳುತ್ತಿದ್ದವು. ವಕೀಲರು, ಡಾಕ್ಟರರು, ಬೆಲ್ಲದ ಅಡತಿ ವ್ಯಾಪಾರಿಗಳು ಎಲ್ಲರಿಗೂ ಮುಂದೆ ಒಂದು ತೋಟ ಬೇಕು, ಆದರೆ ವರ್ಷವಿಡೀ ಸಂಬಳ ಕೊಟ್ಟು ಮಾಲಿಯನ್ನು ಇಡಲು ಮನಸ್ಸಿಲ್ಲ. ತೋಟ ಮಾಡಿಕೊಡುವುದನ್ನೇ ಗುತ್ತಿಗೆ ಹಿಡಿದರೆ ಹೇಗೆ ಎಂದು ನನಗೆ ಹೊಳೆಯಿತು. ಕೂಡಿಟ್ಟ ಎಂಬತ್ತು ರೂಪಾಯಿ ಕೈಯಲ್ಲಿತ್ತು. ಮೊದಲ ಕೆಲಸ ಒಬ್ಬ ವಕೀಲರ ಮನೆಯದು. ಮಣ್ಣು, ಗೊಬ್ಬರದ ಗಾಡಿ, ಹೂಕುಂಡ, ಕೂಲಿ, ಸಸಿ ಎಲ್ಲ ಬೆರಳು ಮಡಚಿ ಲೆಕ್ಕ ಹಾಕಿ ದರ ಹೇಳಿದೆ. ನೀರು ಮರೆತೆ. ಅವರ ಬಾವಿ ಬೇಸಿಗೆಗೆ ಬತ್ತಿತು, ಎರಡು ತಿಂಗಳು ಪಖಾಲಿಯವನಿಗೆ ದುಡ್ಡು ಕೊಟ್ಟು ಎಮ್ಮೆಯ ಮೇಲೆ ತೊಗಲಚೀಲದಲ್ಲಿ ನೀರು ತರಿಸಿದೆ. ಹುಲ್ಲು ಹಸಿರಾಯಿತು, ನನ್ನ ಕೈಯಿಂದ ಹನ್ನೊಂದು ರೂಪಾಯಿ ಹೋಯಿತು.

ಆ ಹನ್ನೊಂದು ರೂಪಾಯಿಯ ಸುದ್ದಿ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ಬಾಯಿತಪ್ಪಿ ಹೇಳಿದೆ. ಅಕ್ಕನ ಗಂಡ ಕೊಲ್ಹಾಪುರದ ಬೆಲ್ಲದ ಪೇಟೆಯಲ್ಲಿ ಒಂದು ಅಡತಿ ಅಂಗಡಿಯ ಗುಮಾಸ್ತ. ಕರಿ ಟೋಪಿ, ಒಗೆದ ಧೋತರ, ಬಲಗೈ ಬೆರಳಿಗೆ ಯಾವಾಗಲೂ ಮಸಿ. ಪೇಟೆಯಲ್ಲಿ ಅವನ ಅಕ್ಷರಕ್ಕೆ ಹೆಸರಿತ್ತು. ಅವನು ನಗಲಿಲ್ಲ, ಬೈಯಲಿಲ್ಲ. ನಿನಗೆ ಕೈ ಇದೆ ಲೆಕ್ಕ ಇಲ್ಲ, ನನಗೆ ಲೆಕ್ಕ ಇದೆ ಕೈ ಇಲ್ಲ, ಎಂಟಾಣೆ ನಿನಗೆ ಎಂಟಾಣೆ ನನಗೆ ಎಂದು ಪಾಲುದಾರಿಕೆಯ ಮಾತೆತ್ತಿದ. ಅಕ್ಕ ಬಡಿಸುತ್ತಿದ್ದ ಸೌಟು ಹಿಡಿದೇ ನಿಂತು ಖುಷಿಪಟ್ಟಳು. ತಮ್ಮ ಮತ್ತು ಗಂಡ ಒಂದೇ ಧಂದೆಯಲ್ಲಿದ್ದರೆ ತವರು ಮತ್ತು ಮನೆ ಒಂದೇ ಆದ ಹಾಗೆ ಎಂದು ಅವಳ ಲೆಕ್ಕ. ಅವಳ ಸಲುವಾಗಿಯೇ ನಾನು ಹೂಂ ಎಂದೆ.

ಲೆಕ್ಕವನ್ನು ಅವನು ಮರಾಠಿಯ ಮೋಡಿ ಲಿಪಿಯಲ್ಲಿ ಬರೆಯುತ್ತಿದ್ದ. ಆ ಕಾಲದಲ್ಲಿ ನಮ್ಮ ಕಡೆ ಪೇಟೆಯ ಲೆಕ್ಕ, ಕಚೇರಿಯ ಕಾಗದ ಎಲ್ಲ ಮೋಡಿಯಲ್ಲೇ. ಮೊದಲು ಹಾಳೆಯ ಈ ಅಂಚಿನಿಂದ ಆ ಅಂಚಿಗೆ ಒಂದು ಗೆರೆ ಎಳೆದುಬಿಡುವುದು, ಆಮೇಲೆ ಲೇಖಣಿ ಎತ್ತದೆ ಒಂದಕ್ಕೊಂದು ಕೊಂಡಿ ಹಾಕಿದ ಅಕ್ಷರಗಳನ್ನು ಅದಕ್ಕೆ ತೂಗುಬಿಡುವುದು. ನಾನು ಹಳ್ಳಿಯ ಸಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಕನ್ನಡ ಕಲಿತವನು. ಮರಾಠಿ ಮಾತಾಡಲು ಬರುತ್ತಿತ್ತು, ಬಾಲಬೋಧ, ಅಂದರೆ ದೇವನಾಗರಿ ಅಕ್ಷರವನ್ನು ಅಂಗಡಿ ಹಲಗೆಗಳ ಮೇಲೆ ಕೂಡಿಸಿ ಕೂಡಿಸಿ ಓದುತ್ತಿದ್ದೆ. ಮೋಡಿ ನನ್ನ ಕಣ್ಣಿಗೆ ಕತ್ತರಿಸದೆ ಬಿಟ್ಟ ಬಳ್ಳಿ ಇದ್ದ ಹಾಗಿತ್ತು. ಎಲ್ಲಿ ಶುರು, ಎಲ್ಲಿ ಕೊನೆ, ಏನೂ ತಿಳಿಯುತ್ತಿರಲಿಲ್ಲ.

ಆದರೆ ಪೂಜೆಗೆ ಓದು ಬೇಕಿಲ್ಲವಲ್ಲ. ಪ್ರತಿ ದೀಪಾವಳಿಗೆ ಲಕ್ಷ್ಮೀಪೂಜೆಯ ದಿನ ಕೆಂಪು ಬಟ್ಟೆಯ ಹೊದಿಕೆಯ ಆ ಕಿರ್ದಿ ಪುಸ್ತಕವನ್ನು ಮಣೆಯ ಮೇಲಿಟ್ಟು ಅರಿಶಿನ ಕುಂಕುಮ ಹಚ್ಚುತ್ತಿದ್ದೆವು. ನಾನೇ ಬೆಳೆಸಿದ ಶ್ಯಾವಂತಿಗೆ ಹೂವನ್ನು ಏರಿಸುತ್ತಿದ್ದೆ, ಕೈಮುಗಿಯುತ್ತಿದ್ದೆ. ಆಮೇಲೆ ವರ್ಷದ ಕೊನೆಯ ಬಾಕಿಯ ಕೆಳಗೆ ಅವನು ಮೋಡಿಯಲ್ಲಿ ಸಹಿ ಹಾಕುತ್ತಿದ್ದ, ಅದರ ಪಕ್ಕ ನಾನು ಕನ್ನಡದಲ್ಲಿ. ಪೂಜೆಯಾದ ಕಿರ್ದಿಯಲ್ಲಿ ಸುಳ್ಳು ಬರೆದರೆ ಲಕ್ಷ್ಮಿ ಎದ್ದು ಹೋಗುತ್ತಾಳೆ ಎಂದು ಅವನು ಯಾವಾಗಲೂ ಹೇಳುತ್ತಿದ್ದ. ಪೇಟೆಯ ಗುಮಾಸ್ತರೆಲ್ಲ ಹಾಗೆ ನಂಬುತ್ತಿದ್ದರು. ಇದನ್ನು ಓದುವವರು ನೆನಪಿಡಬೇಕು: ಅವನೂ ಅದನ್ನು ಖರೆಯಾಗಿ ನಂಬಿದ್ದ.

ಧಂದೆ ಚೆನ್ನಾಗಿ ನಡೆಯಿತು. ಅರ್ಧ ದುಡ್ಡು ನೆಡುವಾಗ, ಇನ್ನರ್ಧ ಹುಲ್ಲು ಹಸಿರಾದ ಮೇಲೆ, ನೀರು ಮಾಲಕರದ್ದು ಎಂದು ಅವನು ಕರಾರು ಮಾಡಿದ. ಅದೊಂದು ಬುದ್ಧಿ ಅವನದೇ, ಇಲ್ಲ ಎನ್ನುವುದಿಲ್ಲ. ಕೊಲ್ಹಾಪುರದಲ್ಲಿ ಸಿನಿಮಾ ತೆಗೆಯುವವರು ಒಂದು ದಿನದ ಮಟ್ಟಿಗೆ ತೋಟ ಬೇಕೆಂದು ಬರುತ್ತಿದ್ದರು. ಕುಂಡಕ್ಕೆ ದಿನಕ್ಕೆ ಎರಡಾಣೆಯಂತೆ ಅರವತ್ತು ಕುಂಡ ಒಯ್ಯುತ್ತಿದ್ದರು. ಒಂದೇ ಕ್ರೋಟನ್ ಗಿಡ ಒಂದೇ ಸಿನಿಮಾದಲ್ಲಿ ಸಾಹುಕಾರನ ಮನೆ, ಆಸ್ಪತ್ರೆ, ಸ್ವರ್ಗ ಮೂರರಲ್ಲೂ ನಿಂತದ್ದನ್ನು ನಾನೇ ಕಣ್ಣಾರೆ ನೋಡಿ ನಕ್ಕಿದ್ದೇನೆ. ಇಚಲಕರಂಜಿಯಲ್ಲಿ ಮಗ್ಗದ ಮಾಲಕರು ಬಂಗಲೆ ಕಟ್ಟಿಸತೊಡಗಿದಾಗ ಅಲ್ಲಿಂದಲೂ ಕೆಲಸ ಬಂತು. ನಾನು ಸೈಕಲ್ಲಿನ ಮೇಲೆ ಹೋಗಿ ವಾರಗಟ್ಟಲೆ ಅಲ್ಲೇ ಇದ್ದು ನೆಟ್ಟು ಬರುತ್ತಿದ್ದೆ.

ತಿಂಗಳಿಗೊಮ್ಮೆ ಅಕ್ಕನ ಮನೆಯ ಪಡಸಾಲೆಯಲ್ಲಿ ಲೆಕ್ಕ. ಅವನು ಪುಸ್ತಕ ತೆರೆದು ನನ್ನ ತೊಡೆಯ ಮೇಲೇ ಇಡುತ್ತಿದ್ದ, ಬೆರಳು ಓಡಿಸುತ್ತ ಒಂದೆರಡು ಸಾಲು ಹೇಳುತ್ತಿದ್ದ, ಕೊನೆಗೆ ಯಾವಾಗಲೂ ಮರಾಠಿಯಲ್ಲಿ ‘ಹಿಶೋಬ ಚೋಖ ಆಹೆ’ ಎನ್ನುತ್ತಿದ್ದ, ಲೆಕ್ಕ ಕರಾರುವಾಕ್ಕು ಎಂದು. ನಾನು ತಿಳಿದವನ ಹಾಗೆ ಗೋಣು ಹಾಕುತ್ತಿದ್ದೆ. ಓದಿ ಹೇಳು ಎಂದು ಕೇಳಲು ನಾಚಿಕೆ. ಕೇಳಿದರೆ ಅಕ್ಕನಿಗೆ ಬೇಸರವಾದೀತು ಎಂಬುದು ನಾನೇ ನನಗೆ ಹೇಳಿಕೊಂಡ ನೆಪ.

ಆರು ವರ್ಷವಾಯಿತು. ಸಸಿಗಳನ್ನೆಲ್ಲ ಬೇರೆಯವರಿಂದ ಕೊಂಡು ತರುತ್ತಿದ್ದೆವು, ಅರ್ಧ ಲಾಭ ಅದಕ್ಕೇ ಹೋಗುತ್ತಿತ್ತು. ಸ್ವಂತ ಸಸಿತೋಟ ಇಲ್ಲದ ತೋಟಗಾರ ಸ್ವಂತ ಒಲೆ ಇಲ್ಲದ ಅಡಿಗೆಯವಳಿದ್ದಂತೆ. ಇಚಲಕರಂಜಿಯ ದಾರಿಯಲ್ಲಿ, ಊರು ದಾಟಿದ ಮೇಲೆ, ಮೂವತ್ತು ಗುಂಟೆಯ ಒಂದು ಜಾಗ ನನ್ನ ಕಣ್ಣಲ್ಲಿ ಕೂತಿತ್ತು. ಕಪ್ಪು ಮಣ್ಣು, ಕಟ್ಟಿದ ಬಾವಿ, ಬೇಸಿಗೆಯಲ್ಲೂ ಆಳೆತ್ತರ ನೀರು. ಸೈಕಲ್ಲಿನಿಂದ ಇಳಿದು ಎಷ್ಟೋ ಸಲ ಆ ಬಾವಿಯ ಕಟ್ಟೆಯ ಮೇಲೆ ಕೂತು, ಇಲ್ಲಿ ಗುಲಾಬಿ, ಅಲ್ಲಿ ನೆರಳಿಗೆ ಚಪ್ಪರ ಎಂದು ಮನಸ್ಸಿನಲ್ಲೇ ಗೆರೆ ಎಳೆದಿದ್ದೆ. ಮಾಲಕ ಐನೂರ ಐವತ್ತಕ್ಕೆ ಒಪ್ಪಿದ. ಧಂದೆಯ ದುಡ್ಡಿನಿಂದ ಐವತ್ತು ರೂಪಾಯಿ ಮುಂಗಡ ಸಂಚಕಾರ ಕೊಟ್ಟೆವು. ಉಳಿದದ್ದು ದೀಪಾವಳಿಯ ಪಾಡ್ಯದೊಳಗೆ ಕೊಡಬೇಕು, ಇಲ್ಲದಿದ್ದರೆ ಸಂಚಕಾರ ಮುಳುಗಿತು ಎಂದು ಮಾತಾಯಿತು.

ಪಾಡ್ಯಕ್ಕೆ ಎರಡು ದಿನ ಇರುವಾಗ ಇಚಲಕರಂಜಿಯ ಕೆಲಸ ಮುಗಿಸಿ ಬಂದು, ಪೆಟ್ಟಿಗೆಯಲ್ಲಿ ಎಷ್ಟಿದೆ ಎಂದು ಕೇಳಿದೆ.

“ನಲವತ್ತ ಐತಿ,” ಎಂದ.

ಆರು ವರ್ಷ ಎರಡು ಊರಿನ ಮಣ್ಣು ಅಗೆದು ನಲವತ್ತು ರೂಪಾಯಿಯೇ ಎಂದು ಕೇಳಿದ್ದಕ್ಕೆ, ಎತ್ತಿ ಎಣಿಸಿಕೋ ಎಂದು ಪೆಟ್ಟಿಗೆ ಮುಂದೆ ನೂಕಿದ. ಎಣಿಸಿದೆ. ನಲವತ್ತೇ ಇತ್ತು. ಸಾಲ ಕೇಳಲು ನಾಲ್ಕು ಮನೆ ಅಲೆದೆ, ಹಬ್ಬದ ಹೊತ್ತಿನಲ್ಲಿ ಯಾರೂ ಪೆಟ್ಟಿಗೆ ತೆರೆಯಲಿಲ್ಲ. ಲಕ್ಷ್ಮೀಪೂಜೆಯ ದಿನ ಎಂದಿನಂತೆ ಕಿರ್ದಿಗೆ ಹೂ ಏರಿಸಿ ಸಹಿ ಹಾಕಿದೆ. ಹಬ್ಬ ಕಳೆದು ಜಾಗದ ಮಾಲಕನನ್ನು ಹುಡುಕಿಕೊಂಡು ಹೋದರೆ, ಅವನು ಜಾಗ ಮಾರಿ ಮುಂಬಯಿಗೆ ಮಗನ ಹತ್ತಿರ ಹೋಗಿದ್ದ. ಯಾರು ಕೊಂಡರು ಎಂದು ಕೇಳುವುದಕ್ಕೂ ನನಗೆ ಮನಸ್ಸಾಗಲಿಲ್ಲ. ಆಮೇಲೆ ಬಹಳ ವರ್ಷ ಇಚಲಕರಂಜಿಗೆ ಹೋಗುವಾಗ ಸುತ್ತುದಾರಿ ಹಿಡಿಯುತ್ತಿದ್ದೆ.

ನಂಬಿದ ಎಮ್ಮೆ ಕೋಣ ಈಯಿತು. ಎಲ್ಲಿ ಹೋಯಿತು ದುಡ್ಡು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಾಲ್ಕು ತಿಂಗಳಲ್ಲಿ ಪಾಲು ಒಡೆದೆವು. ಪೆಟ್ಟಿಗೆಯಲ್ಲಿ ಉಳಿದಿದ್ದರ ಅರ್ಧ, ಸಲಕರಣೆಗಳು, ಕುಂಡಗಳು ನನಗೆ ಎಂದು ಕಾಗದವಾಯಿತು. ನಾನು ಕಿರ್ದಿ ಪುಸ್ತಕಗಳೂ ನನಗೇ ಬೇಕು ಎಂದು ಹಟ ಹಿಡಿದೆ. ಅದರಿಂದ ಏನು ಮಾಡುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ. ಅವನ ಕೈಯಿಂದ ಏನನ್ನಾದರೂ ಕಿತ್ತುಕೊಳ್ಳಬೇಕಿತ್ತು, ಅಷ್ಟೇ. ಅವನು ಆರೂ ಪುಸ್ತಕ ತಂದು ಮುಂದಿಟ್ಟ. ಆಮೇಲೆ ಟೋಪಿ ಸರಿಮಾಡಿಕೊಂಡು ನಕ್ಕ.

“ತೊಗೊ ತಮ್ಮಾ. ಪೂಜಾ ಮಾಡಕೋಂತ ಕುಂಡ್ರು.”

ಅವತ್ತಿನಿಂದ ಅವನ ಕೇಡನ್ನು ಬಯಸುವುದೇ ನನ್ನ ಎರಡನೇ ಧಂದೆ. ಅವನು ಬೇರೊಬ್ಬ ಮಾಲಿಯನ್ನಿಟ್ಟು ತೋಟದ ಗುತ್ತಿಗೆ ಮುಂದುವರಿಸಿದ. ನಾನು ಆ ಮಾಲಿಗೆ ದಿನಕ್ಕೆ ಒಂದಾಣೆ ಹೆಚ್ಚು ಕೊಟ್ಟು ಕರೆದುಕೊಂಡೆ, ನನಗೆ ಅವನ ಅಗತ್ಯವಿರಲಿಲ್ಲ. ಅಕ್ಕನ ಗಂಡ ಕೇಳಿದ ದರಕ್ಕಿಂತ ಐದು ರೂಪಾಯಿ ಕಡಿಮೆಗೆ, ಕೈಯಿಂದ ಹಾಕಿಕೊಂಡು, ಎರಡು ಬಂಗಲೆಯ ಕೆಲಸ ಹಿಡಿದೆ. ಇಚಲಕರಂಜಿಯ ಒಬ್ಬ ಮಗ್ಗದ ಮಾಲಕರಿಗೆ ಅವನು ಅಗ್ಗದ ಕಡ್ಡಿ ತಂದು ಬೇಲಿ ನೆಟ್ಟಿದ್ದಾನೆಂದು ತಿಳಿದಾಗ, ಅದು ಜ್ಯೇಷ್ಠದೊಳಗೆ ಒಣಗುತ್ತದೆ ಎಂದು ಅವರ ಮುಂದೆಯೇ ಹೇಳಿಬಂದೆ. ಒಣಗಿತು. ಹದಿನೆಂಟು ಮೈಲಿ ಸೈಕಲ್ ತುಳಿದು, ಆ ಹಳದಿ ಬೇಲಿಯನ್ನು ನೋಡಲೆಂದೇ ಹೋದೆ. ದಾರಿಯಾಚೆ ನಿಂತು ಒಂದು ಕಪ್ ಚಹಾ ಕುಡಿದೆ. ಅಷ್ಟು ರುಚಿಯಾದ ಚಹಾ ಆಮೇಲೆ ಕುಡಿದಿಲ್ಲ. ಎರಡು ವರ್ಷದಲ್ಲಿ ಅವನು ತೋಟದ ಕೆಲಸ ಬಿಟ್ಟು ಅಡತಿ ಅಂಗಡಿಯ ಗುಮಾಸ್ತಿಕೆಗಷ್ಟೇ ಅಂಟಿಕೊಂಡ. ನನಗೆ ಅಷ್ಟು ಸಾಲದಾಯಿತು.

ಅಕ್ಕನ ಮನೆಗೆ ಹೋಗುವುದನ್ನು ಬಿಟ್ಟಿದ್ದೆ. ನಾಗರ ಪಂಚಮಿಗೆ ಅವಳನ್ನು ತವರಿಗೆ ಕರೆಯಲೂ ಹೋಗಲಿಲ್ಲ. ಮೊದಲ ವರ್ಷ ಅವಳು ಹೇಳಿ ಕಳಿಸಿದಳು, ಎರಡನೇ ವರ್ಷ ಕಳಿಸಲಿಲ್ಲ. ಅವ್ವ ಊರಲ್ಲಿ ಅಳುತ್ತಿದ್ದಳು, ಅಪ್ಪ ಆಗಲೇ ಇರಲಿಲ್ಲ. ಯುದ್ಧದ ದಿನಗಳು. ಬಂಗಲೆ ಕಟ್ಟುವವರು ಕಡಿಮೆಯಾಗಿ, ನಾನು ವರ್ಷದ ಅರ್ಧ ಹಳ್ಳಿಯಲ್ಲೇ ಮೆಣಸಿನಕಾಯಿ ಮಾಡುತ್ತಿದ್ದೆ. ಅಂಥ ಒಂದು ಬೇಸಿಗೆಯ ಬೆಳಿಗ್ಗೆ ಅವ್ವ ತೀರಿಕೊಂಡಳು.

ಗಡಹಿಂಗ್ಲಜದಿಂದ ಕೊಲ್ಹಾಪುರಕ್ಕೆ ಬೆಳಗಿನ ಮೋಟಾರು ಇತ್ತು. ಅದರ ಡ್ರೈವರನಿಗೆ ಹೇಳಿ ಕಳಿಸಿದ್ದರೆ ಅಕ್ಕ ಸಂಜೆಯೊಳಗೆ ಬಂದು ಮುಖ ನೋಡುತ್ತಿದ್ದಳು. ಬಂಧುಗಳು ಕಳಿಸು ಎಂದರು. ನಾನು ಕಳಿಸಿದ್ದೇನೆ ಎಂದೆ. ಕಳಿಸಿರಲಿಲ್ಲ. ಅವಳು ಬಂದರೆ ಅವನೂ ಬರುತ್ತಾನೆ, ನನ್ನ ಬಾಗಿಲಲ್ಲಿ ಕಾಲು ತೊಳೆಯುತ್ತಾನೆ, ನಾನು ಅವನಿಗೆ ನೀರು ಕೊಡಬೇಕಾಗುತ್ತದೆ. ನನ್ನ ತಲೆಯಲ್ಲಿದ್ದದ್ದು ಇಷ್ಟೇ. ಮೂರನೇ ದಿನ ಸುದ್ದಿ ಕಳಿಸಿದೆ. ಅಕ್ಕ ಒಬ್ಬಳೇ ಬಂದಳು. ಹೊಲದ ಮೂಲೆಯಲ್ಲಿ ಹಸಿ ಮಣ್ಣಿನ ಮುಂದೆ ಬಹಳ ಹೊತ್ತು ಕೂತಳು. ಯಾಕೆ ತಡವಾಯಿತು ಎಂದು ಕೇಳಿದಾಗ ಮೋಟಾರಿನವನು ಮರೆತನಂತೆ ಎಂದೆ. ಅವಳು ನನ್ನ ಮುಖ ನೋಡಿದಳು, ಮಧ್ಯಾಹ್ನದ ಮೋಟಾರಿಗೆ ಹೋದಳು.

ಕಿರ್ದಿಗಳು ಟ್ರಂಕಿನಲ್ಲೇ ಇದ್ದವು. ಮೋಡಿ ಓದುವವರು ಕೊಲ್ಹಾಪುರದ ಬೀದಿಗೆ ಹತ್ತು ಜನ ಸಿಗುತ್ತಿದ್ದರು. ಆದರೆ ಆರು ವರ್ಷ ಕಣ್ಣುಮುಚ್ಚಿ ಸಹಿ ಹಾಕಿದವನು ನಾನು ಎಂದು ಪೇಟೆಗೆ ತಿಳಿದರೆ ಯಾವ ಬಂಗಲೆಯವರು ನನ್ನ ಕೈಗೆ ಮುಂಗಡ ಕೊಟ್ಟಾರು? ಅವ್ವ ಹೋದ ಮೇಲೆ ಸಂಜೆಗಳು ಖಾಲಿಯಾದವು. ನಾನೇ ಕಲಿಯುತ್ತೇನೆ ಎಂದು ನಿರ್ಧರಿಸಿದೆ. ಗಡಹಿಂಗ್ಲಜದಲ್ಲಿ ಕೆಲಸ ಬಿಟ್ಟು ಕೂತಿದ್ದ ಒಬ್ಬ ಮುದುಕ ಕುಲಕರ್ಣಿಯವರಿದ್ದರು. ಹಳೆಯ ಜಮೀನಿನ ಕಾಗದ ಓದಿಕೊಳ್ಳಬೇಕು ಎಂದು ಅವರಿಗೆ ಸುಳ್ಳು ಹೇಳಿದೆ. ಅವರು ಫೀ ಬೇಡವೆಂದರು. ಬದಲಿಗೆ ಅವರ ಅಂಗಳದಲ್ಲಿ ಪಾರಿಜಾತ, ತುಳಸಿ, ಎರಡು ಸಾಲು ಗುಲಾಬಿ ನೆಟ್ಟುಕೊಟ್ಟೆ.

ಮೂವತ್ತೈದರ ಗಂಡಸು, ಕಳೆ ಕೀಳುವ ಖುರಪಿಯಿಂದ ಗಂಟುಗಟ್ಟಿದ ಕೈಯಲ್ಲಿ ಜೊಂಡಿನ ಬೋರು ಲೇಖಣಿ ಹಿಡಿದು ಹುಡುಗರ ಹಾಗೆ ಗೆರೆ ಎಳೆದೆ. ಮುದುಕರು ತಾಳ್ಮೆಯವರು. ಕಲಿಯುವ ಹಟ ನೋಡಿ ನನ್ನನ್ನು ಮೆಚ್ಚಿಕೊಂಡರು, ವಿದ್ಯೆಯ ಹಸಿವು ಎಂದರು. ಅದು ಯಾವ ಹಸಿವು ಎಂದು ಅವರಿಗೆ ಗೊತ್ತಿದ್ದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಂದೊಂದು ಅಕ್ಷರ ಬಿಡಿಸಿದಾಗಲೂ ಅವನ ಕತ್ತಿನ ಮೇಲೆ ಒಂದು ಬೆರಳಿಟ್ಟ ಹಾಗೆ ನನಗೆ ಸುಖವಾಗುತ್ತಿತ್ತು. ಮೊದಲು ಅಂಕೆ, ಆಮೇಲೆ ತಿಂಗಳ ಹೆಸರು, ಆಮೇಲೆ ಜಮಾ ಖರ್ಚಿನ ಮಾತುಗಳು. ಎಂಟು ತಿಂಗಳು ಹಿಡಿಯಿತು.

ಓದಲು ಬಂದ ಮೇಲೆ ಮೊದಲ ಪುಸ್ತಕದಿಂದ ಶುರುಮಾಡಿದೆ. ಸುಳ್ಳು ಲೆಕ್ಕ ಹಿಡಿಯಬೇಕೆಂದು ಹೊರಟವನು ಪುಟ ತಿರುವಿದಂತೆ ಬೆಪ್ಪಾದೆ. ಒಂದೂ ಸುಳ್ಳಿರಲಿಲ್ಲ. ಹನ್ನೊಂದು ಹೋಗಿ ಉಳಿದಿದ್ದ ನನ್ನ ಅರವತ್ತೊಂಬತ್ತು ರೂಪಾಯಿ ಮೊದಲ ಸಾಲಿನಲ್ಲೇ ಜಮಾ ಆಗಿತ್ತು. ಗೊಬ್ಬರದ ಗಾಡಿ, ಸೈಕಲ್ಲಿನ ಪಂಕ್ಚರು, ನಾನು ಕುಡಿದ ಚಹಾ, ಸಿನಿಮಾದವರು ಒಡೆದ ಮೂರು ಕುಂಡ, ಎಲ್ಲವೂ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಕೂತಿತ್ತು. ಕೊನೆಯ ಪುಸ್ತಕದಲ್ಲಿ ಆ ದೀಪಾವಳಿಯ ಹಿಂದಿನ ದಿನಗಳ ಪುಟಕ್ಕೆ ಬಂದೆ. ಪೆಟ್ಟಿಗೆಯಲ್ಲಿದ್ದದ್ದು ಐನೂರ ನಲವತ್ತು. ಅದರ ಕೆಳಗಿನ ಸಾಲು: ಇಚಲಕರಂಜಿ ದಾರಿಯ ಮೂವತ್ತು ಗುಂಟೆ ಜಾಗದ ಬಾಕಿ ಐನೂರು ಕೊಟ್ಟದ್ದು, ಖರೀದಿ ಮನೆಯವಳ ಹೆಸರಿನಲ್ಲಿ. ಅದರ ಕೆಳಗೆ ಉಳಿಕೆ ನಲವತ್ತು. ಅದರ ಕೆಳಗೆ ಅರಿಶಿನದ ಕಲೆ, ಕನ್ನಡದಲ್ಲಿ ನನ್ನ ದುಂಡು ಸಹಿ.

ಅವನು ಕದ್ದದ್ದನ್ನು ಮುಚ್ಚಿಟ್ಟಿರಲಿಲ್ಲ, ಬರೆದಿಟ್ಟು ನನ್ನ ತೊಡೆಯ ಮೇಲೆ ಇಟ್ಟಿದ್ದ. ಲಕ್ಷ್ಮಿಗೆ ಹೆದರಿ ಖರೆ ಬರೆದ, ನನಗೆ ಹೆದರುವ ಕಾರಣ ಅವನಿಗಿರಲಿಲ್ಲ. ನಲವತ್ತು ಐತಿ ಎಂದದ್ದೂ ಖರೆಯೇ. ನಾನು ಅವತ್ತು ಎದ್ದು ಹೊರಗೆ ಬಂದು ಹಿತ್ತಲಲ್ಲಿದ್ದ ಶ್ಯಾವಂತಿಗೆ ಸಾಲನ್ನೆಲ್ಲ ಬೇರುಸಹಿತ ಕಿತ್ತುಹಾಕಿದೆ. ಕೈ ನಿಂತ ಮೇಲೆ ಮೈಮೇಲೆ ನೀರು ಹುಯ್ದುಕೊಂಡು ಮರುದಿನದ ಮೋಟಾರಿಗೆ ಕೊಲ್ಹಾಪುರಕ್ಕೆ ಹೊರಟೆ.

ನನ್ನ ಮೊದಲ ಗಿರಾಕಿಯಾದ ವಕೀಲರ ಹತ್ತಿರವೇ ಹೋದೆ. ಅವರು ಪುಟ ಓದಿ, ಸಹಿ ನೋಡಿ, ಕನ್ನಡಕ ಒರೆಸಿದರು. ದುಡ್ಡು ಪಾಲುದಾರಿಕೆಯದು ಎಂದು ಸಾಧಿಸಬಹುದು, ದಾವೆ ನಿಲ್ಲುತ್ತದೆ, ಆದರೆ ಜಾಗ ಅಕ್ಕನ ಹೆಸರಿನಲ್ಲಿರುವುದರಿಂದ ಮೊದಲನೇ ಪ್ರತಿವಾದಿ ಅವಳೇ ಆಗುತ್ತಾಳೆ ಎಂದರು. ತಮ್ಮನಾದವನು ಅಕ್ಕನನ್ನು ಕೋರ್ಟಿಗೆ ಎಳೆಯುವುದಿಲ್ಲ ಎಂಬ ಲೆಕ್ಕದಿಂದಲೇ ಅವನು ಹಾಗೆ ಮಾಡಿದ್ದ. ಅವನಿಗೆ ನನ್ನ ಪೂರ್ತಿ ಪರಿಚಯವಿರಲಿಲ್ಲ. ಹಾಕಿರಿ ಎಂದೆ. ನೋಟೀಸು ಬರೆಯಲು ಅವರು ಎರಡು ದಿನ ಕೇಳಿದರು. ನನಗೆ ಅಷ್ಟು ತಡೆಯಲಾಗಲಿಲ್ಲ. ಅವನ ಮುಖದ ಬಣ್ಣ ಹೋಗುವುದನ್ನು ನಾನೇ ನೋಡಬೇಕಿತ್ತು. ಭಾನುವಾರ ಮಧ್ಯಾಹ್ನ ಕಿರ್ದಿ ಬಗಲಲ್ಲಿಟ್ಟುಕೊಂಡು ಅಕ್ಕನ ಮನೆಗೆ ಹೋದೆ.

ಅವನು ಪಡಸಾಲೆಯಲ್ಲಿ ಅಡಿಕೆ ಕತ್ತರಿಸುತ್ತ ಕೂತಿದ್ದ. ನಾನು ಕೂರಲಿಲ್ಲ. ನಿಂತೇ ಪುಸ್ತಕ ತೆರೆದು, ಆ ಪುಟವನ್ನು ತಡವರಿಸದೆ ಗಟ್ಟಿಯಾಗಿ ಓದಿದೆ. ಅಡಕೊತ್ತಿ ನಿಂತಿತು. ಬಣ್ಣ ಹೋಯಿತು, ಹೌದು. ಆದರೆ ಅವನಿಗೆ ಆಶ್ಚರ್ಯವಾದದ್ದು ನಾನು ಮೋಡಿ ಓದಿದ್ದಕ್ಕೇ ಹೊರತು ಓದಿದ ಮಾತಿಗಲ್ಲ.

“ಬರದದ್ದು ಖರೇನ ಐತಿ,” ಎಂದ. “ನೀ ಕೈಲೆ ದುಡದಿ, ನಾ ತಲೀಲೆ ದುಡದೆ. ನಂದೊಂದಿಷ್ಟು ತೊಗೊಂಡೆ.”

ಅಷ್ಟರಲ್ಲಿ ಅಕ್ಕ ಅಡಿಗೆಮನೆಯಿಂದ ಸೆರಗಿಗೆ ಕೈ ಒರೆಸುತ್ತ ಬಂದು ಬಾಗಿಲಲ್ಲಿ ನಿಂತಿದ್ದಳು. ಕೂದಲು ಹಣ್ಣಾಗಿತ್ತು. ನನ್ನನ್ನು ಬಾ ಎನ್ನಲಿಲ್ಲ. ಅದು ಯಾರ ಹೆಸರು, ಇನ್ನೊಮ್ಮೆ ಓದು ಎಂದಳು. ಓದಿದೆ. ಮತ್ತೊಮ್ಮೆ ಎಂದಳು. ಮೂರನೇ ಸಲ ಓದುವಾಗ ನನಗೆ ತಿಳಿಯಿತು, ಇವಳಿಗೆ ಇದು ಏನೂ ಗೊತ್ತಿಲ್ಲ. ಅವಳ ಹೆಸರಿನಲ್ಲಿ ಮೂವತ್ತು ಗುಂಟೆ ಭೂಮಿ, ಒಂದು ಬಾವಿ ಇದ್ದು ಆರು ವರ್ಷವಾಗಿತ್ತು. ಅವಳು ಆ ಆರು ವರ್ಷವೂ ಅವನ ಹತ್ತಿರ ಬಳೆಗೆ ನಾಲ್ಕಾಣೆ ಬೇಡುತ್ತಿದ್ದಳು.

ಹೆಸರು ಸುಮ್ಮನೆ ಹೆಸರಿಗೆ ಅಷ್ಟೇ ಎಂದು ಅವನು ಅವಸರದಲ್ಲಿ ವಿವರಿಸತೊಡಗಿದ. ಅಕ್ಕ ಕೇಳಿಸಿಕೊಳ್ಳಲಿಲ್ಲ. ಒಳಗೆ ಹೋಗಿ ಅವ್ವ ಮದುವೆಗೆ ಕೊಟ್ಟಿದ್ದ ಟ್ರಂಕು ತೆರೆದಳು, ಅದರ ತಳದಲ್ಲಿ ಅವನು ಯಾವುದೋ ಮನೆಯ ಕಾಗದ ಎಂದು ಹೇಳಿ ಇಟ್ಟಿದ್ದ ಖರೀದಿಪತ್ರವನ್ನು ಹುಡುಕಿ ತಂದಳು, ನನ್ನ ಕೈಯಲ್ಲಿ ಕೊಟ್ಟು ಅದನ್ನೂ ಓದಿಸಿದಳು. ಈಗ ಅಲ್ಲಿ ಯಾರಿದ್ದಾರೆ ಎಂದು ಗಂಡನನ್ನು ಕೇಳಿದಳು. ಒಬ್ಬ ಮೇವು ಬೆಳೆಯುವವನಿಗೆ ವರ್ಷಕ್ಕೆ ಹದಿನೈದು ರೂಪಾಯಿ ಗೇಣಿಯಂತೆ ಲಾವಣಿಗೆ ಕೊಟ್ಟಿರುವುದಾಗಿ ಅವನು ಹೇಳಿದ.

“ಆರು ವರ್ಷದ ಲಾವಣಿ ನನಗ ಕೊಡಬೇಕ್ರಿ,” ಎಂದಳು. ಗಂಡನಿಗೆ ಅವಳು ಎದುರಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. “ತೊಂಬತ್ತ ರೂಪಾಯಿ. ನಿಮ್ಮ ಪುಸ್ತಕದಾಗ ಬರಕೋರಿ.”

ಅವನು ಎದ್ದು ಟೋಪಿ ಹಾಕಿಕೊಂಡ, ಮತ್ತೆ ತೆಗೆದ, ಮತ್ತೆ ಕೂತ. ಅದನ್ನು ನೋಡಿ ನನಗಾದ ಸಂತೋಷ ಸುಳ್ಳಲ್ಲ. ಆರು ವರ್ಷ ನಾನು ಸೈಕಲ್ ತುಳಿದು, ಕೈಯಿಂದ ದುಡ್ಡು ಸುರಿದು ಮಾಡಲಾಗದ್ದನ್ನು ಅಕ್ಕ ಒಂದು ಮಾತಿನಲ್ಲಿ ಮಾಡಿದ್ದಳು. ದಾವೆಯೂ ಬೇಡ, ವಕೀಲರೂ ಬೇಡ. ಅವಳು ನನ್ನ ಅಕ್ಕ, ಜಾಗ ಅವಳದು, ಅಂದಮೇಲೆ ಅದು ನನ್ನ ಕೈಗೆ ಬಂದ ಹಾಗೇ ಎಂದು ನಾನು ಆಗಲೇ ಮನಸ್ಸಿನಲ್ಲಿ ಬಾವಿಯ ಪಕ್ಕ ಚಪ್ಪರ ಹಾಕಿಬಿಟ್ಟಿದ್ದೆ. ಸಸಿತೋಟ ನಾನು ಮಾಡುತ್ತೇನೆ, ಜಾಗ ನನಗೆ ಬಿಡು ಎಂದೆ.

ಬಿಡುತ್ತೇನೆ, ವರ್ಷಕ್ಕೆ ಐವತ್ತು ರೂಪಾಯಿ ಎಂದಳು. ಮೇವಿನವನದು ಹದಿನೈದು. ತಮಾಷೆ ಎಂದುಕೊಂಡು ನಕ್ಕೆ. ಅವಳು ನಗಲಿಲ್ಲ. ಆ ಜಾಗದ ದುಡ್ಡಿನಲ್ಲಿ ಅರ್ಧ ನನ್ನ ಬೆವರು, ಕಿರ್ದಿಯಲ್ಲೇ ಇದೆ ಎಂದೆ. ಅದನ್ನು ಬರೆದವನನ್ನು ಕೇಳು ಎಂದಳು. ಕೊನೆಗೆ, ಅಕ್ಕಾ ನಾನು ನಿನ್ನ ತಮ್ಮ, ಒಡಹುಟ್ಟಿದವನಿಗೆ ತುಸು ಕಡಿಮೆ ಮಾಡು ಎಂದು ಕೇಳಿದೆ.

“ಅವ್ವ ಸತ್ತಾಗ ಮೂರು ದಿನ ತಡಾ ಮಾಡಿ ಹೇಳಿ ಕಳಿಸಿದಿ,” ಎಂದಳು. ದನಿ ಏರಿರಲಿಲ್ಲ. “ಮೋಟಾರಿನಾಂವ ಮರತಿಲ್ಲ. ನಾ ಅವನ್ನ ಕೇಳೇನಿ. ಇವರಾದ್ರೂ ಮಾಡಿದ್ದನ್ನ ಬರದಿಟ್ಟಾರ. ನೀ ಅದನ್ನ ಯಾವ ಪುಸ್ತಕದಾಗ ಬರದಿ, ತೊಗೊಂಡ ಬಾ, ಓದು. ಆಮ್ಯಾಲ ಕಡಿಮಿ ಮಾಡತೇನಿ.”

ಅಕ್ಕನ ಗಂಡ ತಲೆ ತಗ್ಗಿಸಿ ಅಡಿಕೆಯ ಚೂರುಗಳನ್ನು ಆರಿಸುತ್ತಿದ್ದ. ಹೊರಗೆ ಬೀದಿಯಲ್ಲಿ ಬೆಲ್ಲದ ಗಾಡಿಗಳು ಹೋಗುತ್ತಿದ್ದವು. ಮರುದಿನ ಸಾಲೆಯ ಮಾಸ್ತರರೊಬ್ಬರನ್ನು ಅಕ್ಕನೇ ಕರೆಸಿದಳು. ಲಾವಣಿಯ ಕರಾರನ್ನು ಕನ್ನಡದಲ್ಲಿ ಬರೆಸಿ, ಎರಡು ಸಲ ಓದಿಸಿ ಕೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿದಳು. ವರ್ಷಕ್ಕೆ ಐವತ್ತು ರೂಪಾಯಿ ಎಂದಿದ್ದ ಸಾಲಿನ ಕೆಳಗೆ ನಾನು ಸಹಿ ಮಾಡಿದೆ.